ಗುಳ್ಳೆ ಬಿಡದ ಭುಜಂಗ

ಕಾಪುವಿನ ಭುಜಂಗ ಕರ್ಕೇರ ನೀರು ಕುಡಿದು ಸತ್ತವನಲ್ಲ. ಅವನ ಹೊಟ್ಟೆಯಲ್ಲಿ ಒಂದು ಲೋಟ ಉಪ್ಪುನೀರೂ ಇರಲಿಲ್ಲ ಎಂದು ಡಾಕ್ಟರರೇ ಬರೆದಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆರು ವರ್ಷ ಕಳೆದರೂ ಉಡುಪಿಯಲ್ಲಿ ಕೆಲವರು ಅವನನ್ನು "ಆ ಮುಳುಗಿ ಸತ್ತವನು" ಎನ್ನುತ್ತಾರೆ, ಕೇಳಿದಾಗ ನನಗೆ ಮೈ ಉರಿಯುತ್ತದೆ. ಮುಳುಗುವುದು ಅವನ ಕಸುಬು ಮಾರಾಯ್ರೆ! ಮೂವತ್ತು ವರ್ಷ ದಿನಕ್ಕೆ ಐವತ್ತು ಸಲ ಮುಳುಗಿ ಎದ್ದವನು ಮುಳುಗಿ ಸಾಯುತ್ತಾನಾ? ಅವನನ್ನು ಕೊಂದದ್ದು ಅವನು ಒಳಗೆ ಹಿಡಿದಿಟ್ಟುಕೊಂಡ ಉಸಿರು. ಅದನ್ನು ಹಿಡಿದುಕೊಳ್ಳಬೇಡ ಎಂದು ಹೇಳಬೇಕಾದವನೊಬ್ಬನಿದ್ದ. ಆ ಮಹಾಶಯ ನಾನೇ.

ನಾನು ಕೆಮ್ಮಣ್ಣಿನ ವಲೇರಿಯನ್. ಉಡುಪಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲ್ಯಾಬ್ ಅಟೆಂಡರ್ ಆಗಿದ್ದೆ. ಕಪ್ಪೆ ಹಿಡಿದು ತರುವುದು, ಫಾರ್ಮಲಿನ್ ಬೆರೆಸುವುದು, ಗಾಜಿನ ಭರಣಿಗಳ ಧೂಳು ಒರೆಸುವುದು, ಹುಡುಗರು ಕೊಯ್ದು ಹಾಳು ಮಾಡಿದ್ದನ್ನು ಗುಡಿಸುವುದು, ಇಷ್ಟೇ ನನ್ನ ವಿದ್ಯೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಪಾದ್ರಿಗಳ ಶಾಲೆಯಲ್ಲಿ ಕಲಿತ ಇಂಗ್ಲಿಷು ಸುಮಾರಾಗಿ ಬರುತ್ತಿತ್ತು. ಹಾಗಾಗಿ ಯಾವ ದೊಡ್ಡ ಮನುಷ್ಯ ಬಂದರೂ "ವಲೇರಿಯನ್ನನ್ನು ಕರೆಯಿರಿ" ಎನ್ನುತ್ತಿದ್ದರು. ಆಗ ನನಗೆ ಅದೊಂದು ಹೆಮ್ಮೆಯ ವಿಷಯವಾಗಿತ್ತು.

ಐವತ್ತಮೂರನೇ ಇಸವಿಯಲ್ಲಿ ನಮ್ಮ ಪ್ರೊಫೆಸರರು, "ಲ್ಯಾಬಿನಲ್ಲಿ ಕಡಲಿನ ಜೀವಿಗಳೇ ಇಲ್ಲವಲ್ಲಾ, ನಾಲ್ಕು ಮೈಲಿ ದೂರದಲ್ಲಿ ಕಡಲುಂಟು, ನಾಚಿಕೆಯಾಗುವುದಿಲ್ಲವಾ?" ಎಂದು ನನ್ನನ್ನು ಕಾಪುವಿಗೆ ಅಟ್ಟಿದರು. ಅವರಿಗೆ ನಾಚಿಕೆಯಾದರೆ ಬಸ್ಸು ಹತ್ತಬೇಕಾದವನು ನಾನು. ದೀಪಸ್ತಂಭದ ಕೆಳಗಿನ ಬಂಡೆಗಳ ಹತ್ತಿರ ಹೋದೆ. ಒಂದು ಬಂಡೆಯ ಮೇಲೆ ಹೆಂಗಸೊಬ್ಬಳು ಕಾಲು ಚಾಚಿ ಕೂತು, ಒಂದು ರಾಶಿಯಿಂದ ಖಾಲಿ ಚಿಪ್ಪು ಎತ್ತಿ ಇನ್ನೊಂದು ರಾಶಿಗೆ ಹಾಕುತ್ತಾ ಎಣಿಸುತ್ತಿದ್ದಳು. ಅವಳ ಮುಂದೆ ಬರೀ ಕಡಲು. ನಾನು ಎಂತ ಮಾಡುತ್ತಿದ್ದೀರಿ ಎಂದು ಕೇಳಿದರೆ ಸುಮ್ಮನಿರಿ ಎಂದು ಕೈ ಮಾಡಿದಳು. ನೂರ ಎಂಬತ್ತೆರಡಕ್ಕೆ ನೀರಿನಿಂದ ಒಂದು ತಲೆ ಎದ್ದು ಬಂತು. ಆ ತಲೆ ಭುಜಂಗನದ್ದು, ಎಣಿಸಿದವಳು ಅವನ ಹೆಂಡತಿ ಕುಶಲಾ.

ಅವನು ಬಂಡೆಯಡಿಯ ಪಚ್ಚಿಲೆ ಕೀಳುವವನು. ಪಚ್ಚಿಲೆ ಅಂದರೆ ನಮ್ಮ ಕಡೆ ಪುಂಡಿ ಎಂಬ ಅಕ್ಕಿಯುಂಡೆ ಹಾಕಿ ಗಸಿ ಮಾಡುತ್ತಾರಲ್ಲ, ಆ ಹಸಿರು ಚಿಪ್ಪಿನ ಕಪ್ಪೆಚಿಪ್ಪು. ನೀರಿನೊಳಗೆ ಕಲ್ಲಿಗೆ ಕಚ್ಚಿಕೊಂಡಿರುತ್ತದೆ. ಸೊಂಟಕ್ಕೆ ಬಲೆಯ ಚೀಲ, ಕೈಯಲ್ಲೊಂದು ಗಿಡ್ಡ ಉಳಿ, ಇಷ್ಟು ಬಿಟ್ಟರೆ ಅವನ ಹತ್ತಿರ ಯಾವ ಸಲಕರಣೆಯೂ ಇರಲಿಲ್ಲ. ಎದೆ ತುಂಬ ಒಂದು ಉಸಿರು ಎಳೆದುಕೊಂಡು ಏಳು ಮಾರು ಆಳಕ್ಕೆ ಇಳಿಯುತ್ತಿದ್ದ. ಏಳು ಮಾರು ಅಂದರೆ ಎರಡು ತೆಂಗಿನ ಸಸಿ ಒಂದರ ಮೇಲೊಂದು ಎಂದು ತಿಳಿಯಬೇಡಿ, ಕಾಯಿ ಬಿಟ್ಟ ಮರದಷ್ಟು.

ಈ ಮುಳುಗುವವರಲ್ಲಿ ಒಂದು ಕಟ್ಟು ಇತ್ತು. ನೀರಿನೊಳಗೆ ಉಸಿರು ಬಿಡಬಾರದು. ಒಂದು ಗುಳ್ಳೆ ಕೂಡ ಮೇಲೆ ಏಳಬಾರದು. ಹಿಂದೆ ಅದಕ್ಕೆ ಕಾರಣವೂ ಇತ್ತು: ಗುಳ್ಳೆ ಎದ್ದರೆ ಕೆಳಗಿದ್ದವನಿಗೆ ಕಷ್ಟ ಎಂದು ಅರ್ಥ, ಮೇಲಿದ್ದವರು ಹಾರಬೇಕು. ಸುಮ್ಮಸುಮ್ಮನೆ ಗುಳ್ಳೆ ಬಿಟ್ಟು ಜನರನ್ನು ಹಾರಿಸಿದವನು ಆ ದಿನ ಕಿತ್ತ ಪಚ್ಚಿಲೆಯನ್ನೆಲ್ಲ ನೆರೆಯವರಿಗೆ ಹಂಚಬೇಕು ಎಂದು ಹಿರಿಯರು ದಂಡ ಇಟ್ಟಿದ್ದರು. ಕಾಲ ಕಳೆದ ಹಾಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಗುಳ್ಳೆ ಬಿಟ್ಟವನ ಮನೆಗೆ ಸಂಜೆ ನೆರೆಯವರು ಬುಟ್ಟಿ ಹಿಡಿದುಕೊಂಡು ಬಂದು ನಗುತ್ತಾ ನಿಲ್ಲುವುದು. ಭುಜಂಗನ ಅಪ್ಪನ ಮನೆಗೆ ಹಾಗೆ ಯಾರೂ ಬಂದಿರಲಿಲ್ಲ. ಭುಜಂಗನ ಮನೆಗೂ ಬಂದಿರಲಿಲ್ಲ. "ಉಸಿರು ಮೇಲಿನ ಸೊತ್ತು ಪೊರ್ಬುಗಳೇ, ಕೆಳಗೆ ಚೆಲ್ಲಿ ಬರಬಾರದು," ಎಂದು ಅವನು ನನಗೆ ಹೇಳಿದ್ದ. ಕೊಂಕಣಿ ಕ್ರಿಶ್ಚಿಯನ್ನರಾದ ನಮ್ಮನ್ನು ತುಳುವರು ಪೊರ್ಬುಗಳು ಎಂದೇ ಕರೆಯುವುದು.

ಅವತ್ತಿನಿಂದ ಒಂಬತ್ತು ವರ್ಷ ತಿಂಗಳಿಗೆ ಒಂದೆರಡು ಸಲ ಕಾಪುವಿಗೆ ಹೋದೆ. ಪಚ್ಚಿಲೆಯ ಜೊತೆ ಅವನು ನನಗಾಗಿ ಏನಾದರೂ ತಂದಿಡುತ್ತಿದ್ದ. ಐದು ಕೈಯ ನಕ್ಷತ್ರ, ಮುಳ್ಳಿನ ಉಂಡೆ, ಮುಟ್ಟಿದರೆ ಕರುಳು ಕಕ್ಕುವ ಕಡಲ ಸೌತೆ, ಬೆರಳುದ್ದದ ಕುದುರೆಮೀನು. ಬರೀ ತಂದುಕೊಟ್ಟು ಸುಮ್ಮನಿರುವವನಲ್ಲ. ಯಾವುದು ಎಲ್ಲಿ ಕೂರುತ್ತದೆ, ಏನು ತಿನ್ನುತ್ತದೆ, ಯಾರನ್ನು ಕಂಡರೆ ಹೆದರುತ್ತದೆ, ಎಲ್ಲ ಹೇಳಬೇಕು ಅವನಿಗೆ. ಶಂಖದೊಳಗೆ ಮನೆ ಮಾಡುವ ಏಡಿಯೊಂದು ತನ್ನ ಬೆನ್ನ ಮೇಲೆ ಕಡಲ ಹೂವು ಎಂಬ ಇನ್ನೊಂದು ಜೀವಿಯನ್ನು ಹೊತ್ತುಕೊಂಡು ತಿರುಗುತ್ತದಂತೆ. ಶಂಖ ಸಣ್ಣದಾಗಿ ಹೊಸ ಮನೆಗೆ ಹೋಗುವಾಗ ಆ ಹೂವನ್ನು ಮೆಲ್ಲ ಬಿಡಿಸಿ ಹೊಸ ಮನೆಯ ಮೇಲೆ ನೆಡುತ್ತದಂತೆ. "ಒಕ್ಕಲು ಏಳುವಾಗ ನಾವು ತುಳಸಿ ಕಿತ್ತುಕೊಂಡು ಹೋಗುವುದಿಲ್ವಾ, ಹಾಗೆ," ಎಂದ. ನಾನು ಇದನ್ನು ಪ್ರೊಫೆಸರರಿಗೆ ಹೇಳಿದೆ. ಅವರು ಪುಸ್ತಕ ತೆಗೆದು ನೋಡಿ, "ಹೌದು, ಇದರಲ್ಲಿ ಉಂಟು," ಎಂದರು. ಪುಸ್ತಕದಲ್ಲಿ ಇದ್ದದ್ದಕ್ಕೆ ಭುಜಂಗ ಹೇಳಿದ್ದು ನಿಜವಾಯಿತು!

ಒಮ್ಮೆ ಅವನನ್ನು ಲ್ಯಾಬಿಗೆ ಕರೆದುಕೊಂಡು ಬಂದೆ. ಅವನೇ ತಂದ ಕಡಲ ಹೂವು ಭರಣಿಯಲ್ಲಿ ಬಿಳಿಚಿಕೊಂಡು ಮುದುಡಿ ಕೂತಿತ್ತು. ತುಂಬ ಹೊತ್ತು ನೋಡಿದ. "ಇದನ್ನು ನೋಡಿ ಮಕ್ಕಳು ಕಡಲು ಕಲಿಯುತ್ತಾರಾ?" ಎಂದ. ಹೌದೆಂದೆ. "ಪಾಪ," ಎಂದ. ಭರಣಿಯ ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದ. ಕಾಪು, ಏಳು ಮಾರು, ಸಂಗ್ರಹಿಸಿದವರು ಎಂದು ಬರೆದು ಕೆಳಗೆ ಪ್ರೊಫೆಸರರ ಹೆಸರಿತ್ತು. ನಾನು ಓದಿ ಹೇಳಿದೆ. ಅವನು ನಕ್ಕು, "ಅವರಿಗೆ ಈಜಲಿಕ್ಕೆ ಬರುತ್ತದಾ?" ಎಂದು ಕೇಳಿದ. ನಾನೂ ನಕ್ಕೆ. ನಗುವುದು ಬಿಟ್ಟು ಬೇರೆ ಎಂತ ಮಾಡುವುದು.

ಅರವತ್ತರ ಹೊತ್ತಿಗೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಬಂಡೆಯ ಮೇಲೆ ಕುಶಲಾ ಈಗಲೂ ಚಿಪ್ಪು ಹಾಕುತ್ತಿದ್ದಳು, ಯಾರಾದರೂ ಕೇಳಿದರೆ ನೂರ ಎಂಬತ್ತು ಎನ್ನುತ್ತಿದ್ದಳು. ಒಂದು ದಿನ ನಾನೂ ಮನಸ್ಸಿನಲ್ಲೇ ಎಣಿಸಿದೆ. ನೂರ ಹದಿನೆಂಟು. ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಭುಜಂಗ ಬಂಡೆ ಹತ್ತಿ ಬಂದು, ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, "ಪೊರ್ಬುಗಳೇ, ಹೊರಗೆ ಹೇಳಬೇಡಿ," ಎಂದ. ಅವನಿಗೆ ಆಗ ನಲವತ್ತೈದು ವರ್ಷ. ಬಲೆ ಬೀಸುವ ಕೂಟದಲ್ಲಿ ಅವನಿಗೆ ಪಾಲಿರಲಿಲ್ಲ, ಅವನ ಪಾಲು ಆ ಆಳದ ಬಂಡೆ ಮಾತ್ರ. ಅಲ್ಲಿಗೆ ಇಳಿಯಲಾರ ಎಂದು ಗೊತ್ತಾದರೆ ಬೇರೆಯವರು ಇಳಿಯುತ್ತಾರೆ. ಒಬ್ಬಳೇ ಮಗಳು ಬೇಬಿ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಳು. ಅವಳನ್ನು ಟೀಚರ್ ಮಾಡಬೇಕು ಎಂದು ಗಂಡ ಹೆಂಡತಿ ಇಬ್ಬರಿಗೂ ಹುಚ್ಚು ಆಸೆ. ಉಸಿರು ಮುಗಿಯುವುದರೊಳಗೆ ಒಂದು ನೆಲೆ ಸಿಗಬೇಕು, ಅದೊಂದೇ ಅವನ ಚಿಂತೆ.

ಅರವತ್ತೆರಡನೇ ಇಸವಿ ಜನವರಿಯಲ್ಲಿ ಆ ನೆಲೆ ಬಂತು, ಬೊಂಬಾಯಿಯಿಂದ. ಡಾಕ್ಟರ್ ಗುಪ್ತೆ ಎಂಬವರು. ರೋಗದ ಡಾಕ್ಟರಲ್ಲ, ಕಡಲಿನ ಜೀವಿಗಳ ಮೇಲೆ ದೊಡ್ಡ ಪುಸ್ತಕ ಬರೆದು ಡಾಕ್ಟರ್ ಆದವರು. ಬೆನ್ನಿಗೆ ಕಟ್ಟಿಕೊಳ್ಳುವ ಕಬ್ಬಿಣದ ಸಿಲಿಂಡರು, ಅದರಿಂದ ಬಾಯಿಗೆ ರಬ್ಬರ್ ಕೊಳವೆ, ಕಣ್ಣಿಗೆ ಗಾಜು, ಕಾಲಿಗೆ ಬಾತುಕೋಳಿಯ ಪಾದ. ಒಳಗೆ ಗಾಳಿಯನ್ನು ಒತ್ತಿ ತುಂಬಿದ್ದಾರೆ, ಅದನ್ನು ಉಸಿರಾಡಿಕೊಂಡು ಅರ್ಧ ಗಂಟೆ ನೀರಿನಡಿ ಇರಬಹುದು ಎಂದರು. ನಮ್ಮ ಕರಾವಳಿಯ ಬಂಡೆಗಳಲ್ಲಿ ಯಾವ ಯಾವ ಜೀವಿಗಳಿವೆ ಎಂದು ಲೆಕ್ಕ ಮಾಡಲಿಕ್ಕೆ ಒಬ್ಬ ಮುಳುಗುವವನು ಬೇಕಿತ್ತು ಅವರಿಗೆ. ಪರ್ಮನೆಂಟ್ ಕೆಲಸ, ಪೆನ್ಶನ್ ಉಂಟು. ಕಾರವಾರದಲ್ಲಿ ಇಬ್ಬರನ್ನು ನೋಡಿ ಬಂದಿದ್ದರು. ಪ್ರೊಫೆಸರರು ನನ್ನನ್ನು ಕರೆಸಿದರು. ನಾನು ಭುಜಂಗನ ಹೆಸರು ಹೇಳಿದೆ. ಈ ಕೆಲಸ ನಮ್ಮ ಕಡೆಯವನಿಗೆ ಆದರೆ ನನ್ನನ್ನು ಮ್ಯೂಸಿಯಂ ಕೀಪರ್ ಮಾಡುವುದಾಗಿ ಪ್ರೊಫೆಸರರು ಹೇಳಿದ್ದರು. ಇದನ್ನು ಮುಚ್ಚಿಟ್ಟರೆ ಕತೆ ಅರ್ಧ ಸುಳ್ಳಾಗುತ್ತದೆ, ಅದಕ್ಕೆ ಹೇಳಿದೆ.

ಗುಪ್ತೆಯವರು ಅವನ ಮೈಕಟ್ಟು ನೋಡಿ ತಲೆದೂಗಿದರು. "ಕುಡಿಯುವ ಚಟ? ಬೇರೆ ಏನಾದರೂ ಕೆಟ್ಟ ಅಭ್ಯಾಸ?" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು. "ಏನೂ ಇಲ್ಲ ಸರ್," ಎಂದೆ. ಗುಳ್ಳೆಯ ಕಟ್ಟು ನನ್ನ ನಾಲಗೆಯ ತುದಿಗೆ ಬಂದಿತ್ತು, ಸತ್ಯವಾಗಿ ಬಂದಿತ್ತು. ಹೇಳಿದರೆ ಇವರು ಇವನನ್ನು ಮೂಢನಂಬಿಕೆಯವನು ಎಂದು ಬಿಟ್ಟು ಕಾರವಾರದವನನ್ನು ಹಿಡಿದಾರು ಎಂದು ನುಂಗಿಕೊಂಡೆ.

ಆಮೇಲೆ ಅವರು ಯಂತ್ರ ತೋರಿಸಿದರು. "ಯಾವಾಗಲೂ ಸಹಜವಾಗಿ ಉಸಿರಾಡುತ್ತಿರಬೇಕು. ಯಾವ ಕಾರಣಕ್ಕೂ ಉಸಿರು ಕಟ್ಟಬಾರದು. ಹೇಳು ಇವನಿಗೆ." ನಾನು ತುಳುವಿನಲ್ಲಿ ಹೇಳಿದೆ, ಒಂದಕ್ಷರ ಬಿಡದೆ. ಭುಜಂಗ ಹುಬ್ಬು ಗಂಟಿಕ್ಕಿದ.

"ಯಾಕಂತೆ?"

ನಾನು ಗುಪ್ತೆಯವರನ್ನು ಕೇಳಿದೆ. ಅವರು ಗಡಿಯಾರ ನೋಡಿಕೊಂಡು, "ಅದು ನಿಯಮ. ಯಾಕೆ ಎಂದು ವಿವರಿಸಲಿಕ್ಕೆ ಇವನಿಗೆ ಭೌತಶಾಸ್ತ್ರದ ಪಾಠವೇ ಮಾಡಬೇಕಾದೀತು," ಎಂದರು. ಪ್ರೊಫೆಸರರು ನಕ್ಕರು. ಅವರು ನಕ್ಕದ್ದು ನೋಡಿ ನಾನೂ ನಕ್ಕೆ. "ಯಂತ್ರದ ನಿಯಮ ಅಂತೆ ಭುಜಂಗಾ," ಎಂದೆ. ಯಂತ್ರ ಕೆಡುತ್ತದೆ ಎಂದು ಅವನು ತಿಳಿದುಕೊಂಡ. ನನಗೇ ಗೊತ್ತಿರಲಿಲ್ಲ, ನಾನೂ ಹಾಗೆಯೇ ತಿಳಿದುಕೊಂಡೆ.

ಮೊದಲನೇ ದಿನ ದಡದ ಹತ್ತಿರ, ಎರಡು ಮಾರು ನೀರಿನಲ್ಲಿ. ಕಾಪುವಿನ ಅರ್ಧ ಊರು ಬಂಡೆಗಳ ಮೇಲೆ ಸೇರಿತ್ತು. ಗುಪ್ತೆಯವರು ತಾವೂ ಒಂದು ಯಂತ್ರ ಕಟ್ಟಿಕೊಂಡು ಅವನ ಜೊತೆ ಇಳಿದರು. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕುಶಲಾ ಎಣಿಸುವುದನ್ನೇ ಬಿಟ್ಟು ಬಾಯಿ ತೆರೆದು ಕೂತಿದ್ದಳು. ನೀರಿನ ಮೇಲೆ ಮಾತ್ರ ಬುಳುಬುಳು ಬುಳುಬುಳು ಗುಳ್ಳೆ. ಭುಜಂಗ ಎಲ್ಲಿದ್ದಾನೆ ಎಂದು ಮೇಲಿನಿಂದಲೇ ತೋರಿಸಬಹುದಿತ್ತು. ಹುಟ್ಟಿದ ಮೇಲೆ ಒಂದು ಗುಳ್ಳೆ ಬಿಡದವನು! ನನಗೆ ತಡೆಯಲಿಕ್ಕಾಗಲಿಲ್ಲ. ನನ್ನ ಈ ಹಾಳು ಬಾಯಿ. ಎಲ್ಲರಿಗೂ ಕೇಳುವ ಹಾಗೆ, "ಕುಶಲಕ್ಕಾ, ಗಂಡನನ್ನು ಒಲೆಯ ಮೇಲೆ ಇಟ್ಟಿದ್ದೀರಾ? ಕುಚ್ಚಲಕ್ಕಿ ಗಂಜಿ ಕುದಿಯುತ್ತಾ ಉಂಟು ನೋಡಿ!" ಎಂದೆ.

ಬಂಡೆಗಳೆಲ್ಲ ನಕ್ಕವು. ಕುಶಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಭುಜಂಗ ಮೇಲೆ ಬಂದಾಗ ಮಕ್ಕಳು "ಗಂಜಿ! ಗಂಜಿ!" ಎಂದು ಕೂಗುತ್ತಿದ್ದರು. ಅವನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು. ಅವನೂ ನಕ್ಕ. ಆದರೆ ನನ್ನ ಮುಖ ನೋಡಲಿಲ್ಲ. ಗುಪ್ತೆಯವರು ಮಾತ್ರ ಅವನ ಬೆನ್ನು ತಟ್ಟಿ, ಇಂಥ ಮನುಷ್ಯನನ್ನು ತಾವು ನೋಡಿಯೇ ಇಲ್ಲ, ನೀರಿನಡಿಯಲ್ಲಿ ಮೀನೇ ಇವನಿಗೆ ದಾರಿ ಕೊಡುತ್ತದೆ ಎಂದರು. ನಾಡಿದ್ದು ಆಳದ ಬಂಡೆಯಲ್ಲಿ ಒಂದು ಪರೀಕ್ಷೆ, ಅದಾದರೆ ಕೆಲಸ ಇವನಿಗೇ ಎಂದರು.

ಆ ಸಂಜೆ ಕಿಟ್ಟ ಬುಟ್ಟಿ ಹಿಡಿದುಕೊಂಡು ಬಂದ. ಕಿಟ್ಟ ಅಂದರೆ ಭುಜಂಗನಿಗಿಂತ ಹಿರಿಯ ಮುಳುಗುವವನು, ಈಗ ದೋಣಿ ನಡೆಸುತ್ತಿದ್ದ. ಅಂಗಳದಲ್ಲಿ ನಿಂತು, "ಗುಳ್ಳೆಯ ಲೆಕ್ಕ ಹಾಕಿದರೆ ಕಾಪು, ಕಟಪಾಡಿ, ಪಡುಬಿದ್ರಿ ಮೂರೂರಿಗೆ ಹಂಚಬೇಕು ಮಾರಾಯ," ಎಂದ. ತಮಾಷೆಗೇ ಹೇಳಿದ್ದು, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕುಶಲಾ ಬುಟ್ಟಿಗೆ ನಾಲ್ಕು ಪಚ್ಚಿಲೆ ಹಾಕಿ ಕಳಿಸಿದಳು. ಭುಜಂಗ ಆ ರಾತ್ರಿ ಊಟ ಮಾಡಲಿಲ್ಲವಂತೆ.

ಮರುದಿನ ಕಡಲು ಕೆರಳಿತ್ತು, ದೋಣಿ ಇಳಿಸಲಿಲ್ಲ. ನಾನು ಅವನ ಮನೆಯ ಜಗಲಿಯಲ್ಲಿ ಕೂತಿದ್ದೆ. ಕುಶಲಾ ಒಳಗಿದ್ದಳು. ಭುಜಂಗ ಉಳಿಯನ್ನು ಕಲ್ಲಿಗೆ ಮಸೆಯುತ್ತಾ ಮೆಲ್ಲ ಹೇಳಿದ:

"ಪೊರ್ಬುಗಳೇ, ಒಂದು ಯೋಚನೆ ಮಾಡಿದ್ದೇನೆ. ಕೆಳಗೆ ಇರುವಷ್ಟು ಹೊತ್ತು ಯಂತ್ರದ ಮರ್ಯಾದೆ. ಮೇಲೆ ಬರುವಾಗ ನಮ್ಮ ಮರ್ಯಾದೆ. ಯಂತ್ರದಿಂದ ಒಂದು ಉಸಿರು ತುಂಬ ಎಳೆದುಕೊಂಡು, ಕಟ್ಟಿ, ನನ್ನ ಅಪ್ಪ ಬರುತ್ತಿದ್ದ ಹಾಗೆ ಬರುತ್ತೇನೆ. ಒಂದು ಗುಳ್ಳೆ ಇಲ್ಲದೆ. ಇವರೆಲ್ಲ ನೋಡಲಿ."

"ನಿಯಮ ಹೇಳಿದ್ದಾರಲ್ಲ ಮಾರಾಯ."

"ಮೇಲೆ ಬರುವುದಕ್ಕೆ ಎಷ್ಟು ಹೊತ್ತು? ಇಪ್ಪತ್ತು ಎಣಿಸುವುದರೊಳಗೆ ಬರುತ್ತೇನೆ. ಅಷ್ಟರಲ್ಲಿ ಯಂತ್ರ ಕೆಡುತ್ತದಾ?"

ನೂರ ಹದಿನೆಂಟು ಎಣಿಸುವವರೆಗೆ ಉಸಿರು ಕಟ್ಟುವವನಿಗೆ ಇಪ್ಪತ್ತು ಯಾವ ಲೆಕ್ಕ? ನನ್ನ ತಮಾಷೆಗೆ ಅವನಿಗೆ ನೋವಾಗಿದೆ ಎಂದು ನನಗೆ ಗೊತ್ತಿತ್ತು, ಅದನ್ನು ಹೇಗಾದರೂ ಸರಿ ಮಾಡಬೇಕಿತ್ತು. "ಆಯ್ತು, ಮಾಡು. ಅಷ್ಟಕ್ಕೆ ಎಂತ ಆಗ್ತದೆ," ಎಂದೆ. ಗುಪ್ತೆಯವರು ಆಗ ಕಾಪುವಿನ ಬಂಗಲೆಯಲ್ಲಿ, ನಾವು ಕೂತಲ್ಲಿಂದ ಕಾಲು ಮೈಲಿ ದೂರದಲ್ಲಿ, ನೆಗಡಿಗೆ ಕಷಾಯ ಕುಡಿಯುತ್ತಾ ಕೂತಿದ್ದರು. ಹೋಗಿ ಒಂದು ಮಾತು ಕೇಳಬಹುದಿತ್ತು. ನಾನು ಚಹಾ ಕುಡಿದು ಬಸ್ಸು ಹಿಡಿದೆ.

ಮೂರನೇ ದಿನ ಕಡಲು ತಣ್ಣಗಾಯಿತು. ಕಿಟ್ಟನ ದೋಣಿಯಲ್ಲಿ ನಾನು, ಗುಪ್ತೆಯವರು, ಭುಜಂಗ, ಹಠ ಹಿಡಿದು ಹತ್ತಿದ ಕುಶಲಾ. ಗುಪ್ತೆಯವರಿಗೆ ನೆಗಡಿ ಜೋರಾಗಿ ಕಿವಿ ಕಟ್ಟಿತ್ತು, ಅವರು ಇಳಿಯಲಿಲ್ಲ. ಒಬ್ಬನೇ ಇಳಿಯಲಿ, ಇವನಿಗೆ ಯಾರೂ ಬೇಕಿಲ್ಲ ಎಂದರು. ಭುಜಂಗ ಬೆನ್ನಿಗೆ ಸಿಲಿಂಡರು ಕಟ್ಟಿಸಿಕೊಂಡು, ಕುಶಲಾಳ ಕಡೆ ನೋಡಿ ಕಣ್ಣು ಮಿಟುಕಿಸಿ, ಹಿಂದಕ್ಕೆ ಬಿದ್ದು ಇಳಿದ.

ಗುಳ್ಳೆ ಎದ್ದವು. ಬಂಡೆಯ ಸುತ್ತ ಅವನು ಹೋದಲ್ಲೆಲ್ಲ ಗುಳ್ಳೆಯೂ ಹೋಯಿತು. ಇಪ್ಪತ್ತು ನಿಮಿಷ ಕಳೆಯಿತು. ಗುಪ್ತೆಯವರು ಕ್ಯಾಮೆರಾ ಬಿಚ್ಚಿ ತಲೆ ಬಗ್ಗಿಸಿ ಅದರ ಗಾಜು ಒರೆಸುತ್ತಿದ್ದರು. ಆಗ ಗುಳ್ಳೆ ನಿಂತಿತು. ಒಂದೇ ಸಲಕ್ಕೆ, ಒಲೆಯಿಂದ ಗಡಿಗೆ ಇಳಿಸಿದ ಹಾಗೆ. ನೀರು ಕನ್ನಡಿಯಾಯಿತು. ಕುಶಲಾ ನನ್ನ ತೋಳು ಹಿಡಿದು, "ನೋಡಿ ಪೊರ್ಬುಗಳೇ, ಈಗ ನೋಡಿ! ಒಂದಾದರೂ ಉಂಟಾ?" ಎಂದಳು. ಅವಳ ಮುಖ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಿಟ್ಟ ಹುಟ್ಟು ಮೇಲೆತ್ತಿ, "ಶಹಬ್ಬಾಸ್! ಇವನು ಅಪ್ಪನ ಮಗ!" ಎಂದ. ನಾನು ಚಪ್ಪಾಳೆ ತಟ್ಟಿದೆ. ಹೌದು, ಕೈ ಎತ್ತಿ ಚಪ್ಪಾಳೆ ತಟ್ಟಿದೆ. ಅದೇ ಹೊತ್ತಿಗೆ ಕೆಳಗೆ ನೀರಿನಲ್ಲಿ ಅವನ ಶ್ವಾಸಕೋಶ ಹರಿಯುತ್ತಾ ಇತ್ತು.

ಸದ್ದು ಕೇಳಿ ಗುಪ್ತೆಯವರು ತಲೆ ಎತ್ತಿದರು. ನೀರು ನೋಡಿದರು. ಮುಖ ಬಿಳಿಚಿಹೋಯಿತು. "ಯಾಕೆ ನಿಂತಿತು? ಯಾಕೆ ನಿಂತಿತು?" ಎಂದು ಕಿರಿಚಿದರು. ಅಷ್ಟರಲ್ಲಿ ಭುಜಂಗನ ತಲೆ ಮೇಲೆ ಬಂತು. ಬಾಯಿಯಿಂದ ಕೊಳವೆ ತೆಗೆದು, ಚೀಲ ಹಿಡಿದ ಕೈಯನ್ನು ನಮ್ಮ ಕಡೆ ಎತ್ತಿದ. ಏನೋ ಹೇಳಲಿಕ್ಕೆ ಬಾಯಿ ತೆರೆದ. ಮಾತಿನ ಬದಲು ಕೆಂಪು ನೊರೆ ಬಂತು. ಕಣ್ಣು ಮೇಲೆ ಹೋಯಿತು, ಕೈ ಸಡಿಲಾಯಿತು. ಕಿಟ್ಟ ಹಾರಿ ಹಿಡಿದ. ದಡಕ್ಕೆ ತಂದು, ಗುಪ್ತೆಯವರ ಕಾರಿನಲ್ಲಿ ಹಾಕಿ ಮಣಿಪಾಲಕ್ಕೆ ಹೊರಟೆವು. ಕಟಪಾಡಿ ದಾಟುವ ಮೊದಲೇ ಮುಗಿದಿತ್ತು. ಕುಶಲಾ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಣಿಪಾಲದವರೆಗೂ "ಉಸಿರು ಎಳೆಯಿರಿ, ಎಳೆಯಿರಿ," ಎನ್ನುತ್ತಲೇ ಇದ್ದಳು.

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಗುಪ್ತೆಯವರು ನನಗೆ ಯಾಕೆ ಎಂದು ವಿವರಿಸಿದರು. ಸಿಗರೇಟಿನ ಪ್ಯಾಕೆಟ್ಟಿನ ಮೇಲೆ ಚಿತ್ರವನ್ನೂ ಬರೆದರು. ಏಳು ಮಾರು ಆಳದಲ್ಲಿ ನೀರಿನ ಭಾರಕ್ಕೆ ಗಾಳಿ ಅರ್ಧಕ್ಕಿಂತ ಸಣ್ಣದಾಗುತ್ತದೆ. ಮೇಲಿನಿಂದ ತೆಗೆದುಕೊಂಡು ಹೋದ ಉಸಿರು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ತೊಂದರೆ ಇಲ್ಲ. ಮೂವತ್ತು ವರ್ಷ ಭುಜಂಗನಿಗೆ ಏನೂ ಆಗದಿದ್ದದ್ದು ಅದಕ್ಕೆ. ಆದರೆ ಕೆಳಗೆಯೇ ಯಂತ್ರದಿಂದ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಎರಡು ಪಟ್ಟಿಗಿಂತ ದೊಡ್ಡದಾಗುತ್ತದೆ. ಹೊರಗೆ ಬಿಡುತ್ತಾ ಬಂದರೆ ಏನೂ ಇಲ್ಲ, ಬಿಡದೆ ಕಟ್ಟಿದರೆ ಒಳಗೆ ಹರಿಯುತ್ತದೆ. ಇಷ್ಟೇ. ಇಷ್ಟು ಹೇಳಲಿಕ್ಕೆ ಐದು ನಿಮಿಷ ಹಿಡಿಯಿತು. ಭುಜಂಗನಿಗೆ ಹೇಳಿದ್ದರೆ ಒಂದು ನಿಮಿಷ ಸಾಕಿತ್ತು, ಏಳು ಮಾರಿನಲ್ಲಿ ಎದೆ ಹೇಗೆ ಒತ್ತುತ್ತದೆ ಎಂದು ಅವನು ಆ ಡಾಕ್ಟರಿಗೇ ಪಾಠ ಹೇಳುತ್ತಿದ್ದ. ಬೆಂಚಿನ ಮೇಲೆ ಕೂತ ಆ ಮನುಷ್ಯನ ಕುತ್ತಿಗೆ ಹಿಸುಕಬೇಕು ಎನ್ನಿಸಿತು ನನಗೆ. ನನ್ನ ಕುತ್ತಿಗೆಯನ್ನು ಯಾರು ಹಿಸುಕುವುದು?

ವಿಚಾರಣೆ ಆಯಿತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೇಳಿಕೆ ನನ್ನ ಮುಂದೆ ಇಟ್ಟರು. ಸೂಚನೆಗಳನ್ನು ಮೃತನ ಭಾಷೆಯಲ್ಲಿ ಸ್ಪಷ್ಟವಾಗಿ ತಿಳಿಸಲಾಗಿತ್ತು, ಮೃತನು ತನ್ನ ಇಚ್ಛೆಯಿಂದ ಅದನ್ನು ಮೀರಿದನು ಎಂದಿತ್ತು. ಹುಡುಕಿದರೂ ಒಂದು ಸುಳ್ಳು ಅದರಲ್ಲಿ ಸಿಗಲಿಲ್ಲ. ರುಜು ಹಾಕಿದೆ. ಭುಜಂಗ ಇನ್ನೂ ನೌಕರಿಯ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಕುಶಲಾಳಿಗೆ ಏನೂ ಸಿಗಲಿಲ್ಲ. ಗುಪ್ತೆಯವರು ಒಂದು ಕಾಗದ ಬರೆದರು, ಆಮೇಲೆ ಬರೆಯಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು? ಕೆಲಸ ಕಾರವಾರದವನಿಗೆ ಹೋಯಿತು. ಆದರೂ ಜೂನ್ ತಿಂಗಳಲ್ಲಿ ನನ್ನನ್ನು ಮ್ಯೂಸಿಯಂ ಕೀಪರ್ ಮಾಡಿದರು, ವಿಚಾರಣೆಯಲ್ಲಿ ಕಾಲೇಜಿನ ಹೆಸರು ಕೆಡದ ಹಾಗೆ ನೋಡಿಕೊಂಡೆನಂತೆ.

ಬೊಜ್ಜದ ದಿನ, ಅಂದರೆ ಹದಿಮೂರನೆಯ ದಿನದ ಊಟಕ್ಕೆ, ಕಾಪುವಿಗೆ ಹೋಗಿದ್ದೆ. ಕುಶಲಾ ಊಟ ಮುಗಿದ ಮೇಲೆ ನನ್ನನ್ನು ತೆಂಗಿನ ಬುಡಕ್ಕೆ ಕರೆದಳು. ಕಣ್ಣು ಒಣಗಿತ್ತು.

"ಪೊರ್ಬುಗಳೇ, ಉಸಿರು ಕಟ್ಟಬಾರದು ಎಂದು ನಮ್ಮವರಿಗೆ ಗೊತ್ತಿತ್ತಾ?"

"ಗೊತ್ತಿತ್ತು ಕುಶಲಕ್ಕ. ನಾನೇ ಹೇಳಿದ್ದೆ."

"ಅಲ್ಲ, ಹಿಂದಿನ ದಿನ ಜಗಲಿಯಲ್ಲಿ ಇಬ್ಬರೂ ಮಾತಾಡುತ್ತಾ ಇದ್ದಿರಿ. ಅವರು ಏನಾದರೂ ಹೇಳಿದರಾ, ಹೀಗೆ ಮಾಡುತ್ತೇನೆ ಎಂದು?"

ಕಡಲಿನಿಂದ ಗಾಳಿ ಬೀಸುತ್ತಾ ಇತ್ತು. ಒಳಗೆ ಬೇಬಿ ಎಲೆ ತೆಗೆಯುತ್ತಾ ಇದ್ದಳು. ಅವಳ ಓದು ಆ ತಿಂಗಳಿಗೇ ನಿಂತಿತ್ತು.

"ಹೇಳಿದ," ಎಂದೆ. "ಬೇಡ ಎಂದು ಕೈ ಮುಗಿದು ಹೇಳಿದೆ. ಕೇಳಲಿಲ್ಲ."

ಕುಶಲಾಳ ಮುಖ ಗಟ್ಟಿಯಾಯಿತು. "ಹಠಮಾರಿ," ಎಂದಳು. "ಮಗಳ ಮುಖವನ್ನೂ ನೋಡಲಿಲ್ಲ ಹಠಮಾರಿ." ಅವಳು ಗಂಡನನ್ನು ಬೈದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆ ಅಲ್ಲ. ಆರು ವರ್ಷ ಕೇಳಿದೆ. ಬೇಬಿ ಕಾರ್ಕಳದ ಕಡೆ ಒಂದು ಬೀಡಿ ಕಟ್ಟುವ ಮನೆಗೆ ಸೊಸೆಯಾಗಿ ಹೋದಾಗ, "ಅಪ್ಪ ಮಾತು ಕೇಳಿದ್ದರೆ ಇವಳು ಟೀಚರ್ ಆಗುತ್ತಿದ್ದಳು," ಎಂದಳು ಕುಶಲಾ. ಮೀನಿನ ಬುಟ್ಟಿ ಹೊತ್ತು ಸಂತೆಕಟ್ಟೆಯವರೆಗೆ ನಡೆದು ಕಾಲು ಬಾತಾಗ, "ಅವರ ಮರ್ಯಾದೆಯನ್ನು ನಾನು ತಲೆಯ ಮೇಲೆ ಹೊರುತ್ತಾ ಇದ್ದೇನೆ," ಎಂದಳು. ಊರಿನವರೂ ಹಾಗೆಯೇ ಹೇಳಿದರು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು. ಬೇಬಿ ಬಾಣಂತನಕ್ಕೆ ಬಂದವಳು ತೊಟ್ಟಿಲಲ್ಲಿ ಅಳುವ ಮಗನಿಗೆ, "ಅಜ್ಜನ ಹಾಗೆ ಹಠ ಮಾಡಿದರೆ ನೋಡು," ಎಂದಳು. ನಾನು ಅಲ್ಲೇ ಕೂತಿದ್ದೆ, ಮಗುವಿಗೆಂದು ತಂದ ಬಿಸ್ಕತ್ತಿನ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು.

ಹೋದ ವರ್ಷ ಪಾಸ್ಖಾ, ಅಂದರೆ ಈಸ್ಟರ್ ಹಬ್ಬದ ಮೊದಲು ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿ ಎಲ್ಲ ಹೇಳಿದೆ. ಪಾದ್ರಿಗಳು, "ನನಗೆ ಹೇಳಿದರೆ ಸಾಲದು ವಲೇರಿಯನ್. ಆ ಹೆಂಗಸಿಗೆ ಹೇಳು. ಅದೇ ನಿನ್ನ ಪ್ರಾಯಶ್ಚಿತ್ತ," ಎಂದರು. ಹೋಗುತ್ತೇನೆ, ಹೋಗುತ್ತೇನೆ ಎಂದು ಒಂದು ವರ್ಷ ಕಳೆದೆ. ಈ ಆಷಾಢದಲ್ಲಿ ಅವಳಿಗೆ ಹಾಸಿಗೆ ಹಿಡಿಯುವಷ್ಟು ಕಾಯಿಲೆ ಎಂದು ಕಿಟ್ಟ ಹೇಳಿ ಕಳಿಸಿದ. ಅವತ್ತೇ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ.

ಚಾಪೆಯ ಮೇಲೆ ಮಲಗಿದ್ದಳು, ಮುಷ್ಟಿಯಷ್ಟಾಗಿದ್ದಳು. ನನ್ನನ್ನು ನೋಡಿ ಏಳಲಿಕ್ಕೆ ನೋಡಿದಳು, ಆಗಲಿಲ್ಲ. ನಾನು ಹತ್ತಿರ ಕೂತು, "ಕುಶಲಕ್ಕ, ಭುಜಂಗನ ವಿಷಯ ಒಂದು ಮಾತು ಹೇಳಲಿಕ್ಕುಂಟು," ಎಂದೆ.

"ಅವರ ವಿಷಯ ಇನ್ನು ಬೇಡ," ಎಂದಳು. "ಅವರ ಮೇಲಿನ ಸಿಟ್ಟಿನಲ್ಲೇ ಇಷ್ಟು ವರ್ಷ ಬದುಕಿದೆ ಪೊರ್ಬುಗಳೇ. ಆ ದೋಣಿಯಲ್ಲಿ ನಾವೆಲ್ಲ ನಗುತ್ತಾ ಇದ್ದೆವು. ನೀವೊಬ್ಬರಾದರೂ ಅವರಿಗೆ ಮೊದಲೇ ಬೇಡ ಎಂದಿದ್ದಿರಿ. ಅದೊಂದು ಸಮಾಧಾನ ನನಗೆ. ಹೇಳಿದ್ದಿರಿ ಅಲ್ವಾ?"

ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಹೌದು ಕುಶಲಕ್ಕ, ಹೇಳಿದ್ದೆ," ಎಂದೆ.

ಮೂರನೇ ದಿನ ಅವಳು ಹೋದಳು. ಕಿಟ್ಟ ಹೇಳಿದ, ಕೊನೆಯ ಗಳಿಗೆಯಲ್ಲಿ ಮನೆಯವರು ಗಂಡನ ಪಟಕ್ಕೆ ಅವಳ ಕೈ ಮುಗಿಸಲಿಕ್ಕೆ ನೋಡಿದರಂತೆ, ಅವಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳಂತೆ.